ಬಿಳಿ ಪಟ್ಟೆಯ ಮರಗಳು

ನನ್ನ ಸೋದರಮಾವನಿಗೆ ಅರಣ್ಯ ಇಲಾಖೆಯಲ್ಲಿದ್ದ ಹೆಸರು ‘ಟೇಪು’. ಇಪ್ಪತ್ತಾರು ವರ್ಷ ಕಾಡಿನ ಮರಗಳ ಸುತ್ತಳತೆ ತೆಗೆದವನು. ದೇಶದ ಮರಗಳನ್ನೆಲ್ಲ ಅಳೆಯಲು ಯಾರಿಂದ ಆದೀತು? ಅಲ್ಲಲ್ಲಿ ಒಂದೊಂದು ದುಂಡನೆಯ ಜಾಗ ಗೊತ್ತುಮಾಡಿ, ಐದು ವರ್ಷಕ್ಕೊಮ್ಮೆ ಅದರೊಳಗಿನ ಮರಗಳನ್ನಷ್ಟೇ ಅಳೆದು, ಉಳಿದ ಕಾಡೂ ಹೀಗೇ ಇದೆ ಎಂದು ಲೆಕ್ಕ ಕಟ್ಟುತ್ತಾರೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ.

ಮಾವನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. “ನನ್ನ ಸೊಂಟಾನೂ ಐದು ವರ್ಷಕ್ಕೊಂದ್ಸಲ ಅಳೆದು ಬರ್ಕೋತಾರೆ” ಎಂದು ಅತ್ತೆ ನಗುತ್ತಿದ್ದಳು.

ನಾನು ಅದೇ ಇಲಾಖೆಯ ಚಿತ್ರದ ವಿಭಾಗ ಸೇರಿದೆ. ಉಪಗ್ರಹದ ಚಿತ್ರವನ್ನೂ ಮಾವನಂಥವರ ಅಳತೆಯನ್ನೂ ತಾಳೆ ನೋಡುವ ಕೆಲಸ. ಹಳೆಯ ಚಿತ್ರಗಳಲ್ಲಿ ಪೊದೆಯೂ ಹಸಿರೇ, ಮರವೂ ಹಸಿರೇ. ಒಂದು ದಿನ ಎತ್ತರವನ್ನೂ ತೋರಿಸುವ ಹೊಸ ಚಿತ್ರ ಬಂತು. ಮಾವ ಅಳೆಯುವ ಗುಡ್ಡದ ತುಂಬ ಬರೀ ಮೊಣಕಾಲೆತ್ತರದ ಪೊದೆ. ದೊಡ್ಡ ಮರಗಳಿದ್ದದ್ದು ಹನ್ನೊಂದೇ ದುಂಡು ಜಾಗಗಳಲ್ಲಿ. ಹನ್ನೊಂದೂ ಮಾವನ ಲೆಕ್ಕದ ಜಾಗಗಳೇ.

ಸಂಜೆ ನೇರವಾಗಿ ಅವನ ಮನೆಗೆ ಹೋಗಿ ಕೇಳಿದೆ.

“ಕಣ್ಣು ಮಂಜಾಯ್ತಲ್ಲ ಪುಟ್ಟಿ, ನನ್ನ ಮರ ಬೇಗ ಸಿಗ್ಲಿ ಅಂತ ಬಿಳಿ ಪಟ್ಟೆ ಬಳಿದೆ. ಗುರುತು ಮಾಡ್ಬಾರ್ದು ಅಂತ ನಿಯಮ ಇದೆ, ಗೊತ್ತು. ಕಳ್ಳರು ಪಟ್ಟೆ ನೋಡಿ, ಇವು ಲೆಕ್ಕದ ಮರ ಅಂತ ಬಿಟ್ಟು, ಮಿಕ್ಕಿದ್ದೆಲ್ಲ ಕಡಿದ್ರು.”

“ಸುತ್ತ ಬರೀ ಬುಡ ನೋಡಿಯೂ ಸುಮ್ನಿದ್ದೆಯಾ ಮಾವ?”

“ಮೂರು ಸಲ ಹೇಳ್ದೆ. ವೃತ್ತದೊಳಗಿಂದಷ್ಟು ಬರಿ, ಹೊರಗಿಂದು ನಿನಗ್ಯಾಕೆ ಅಂದ್ರು ಸಾಹೇಬ್ರು.”

ನನಗೆ ಸಿಟ್ಟು ನೆತ್ತಿಗೇರಿತು, ಸಾಹೇಬರ ಮೇಲೂ ಮಾವನ ಮೇಲೂ. ಕಂಡದ್ದನ್ನು ಕಂಡ ಹಾಗೇ ವರದಿ ಬರೆದೆ, ಪಟ್ಟೆಯ ಸಮೇತ. ಕಳ್ಳರನ್ನು ಹಿಡಿಯುತ್ತಾರೆ ಎಂದು ನಂಬಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬಂದದ್ದು ಒಂದೇ ಆದೇಶ: ನಿಯಮಬಾಹಿರ ಗುರುತುಗಳನ್ನು ಬಳಿದವನೇ ಅಳಿಸತಕ್ಕದ್ದು.

ಮಾವ ಕಚೇರಿಗೆ ಬಂದು ಕೈಮುಗಿದು ನಿಂತ. “ನನ್ನ ಕೆಲಸ ತೆಗೀರಿ ಸಾರ್, ಪಟ್ಟೆ ಮಾತ್ರ ಬಿಡಿ. ಆ ಪಟ್ಟೆ ಇರೋದಕ್ಕೇ ಅವು ನಿಂತಿವೆ.”

ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ. ಮಾವ ತಂತಿಯ ಬ್ರಷ್ ಹಿಡಿದು ಹನ್ನೊಂದು ದಿನ ಉಜ್ಜಿದ. ಅಂಗೈ ತುಂಬ ಬೊಬ್ಬೆ.

ನಾಲ್ಕು ತಿಂಗಳಿಗೆ ಮುಂದಿನ ಚಿತ್ರ ಬಂತು. ಗುಡ್ಡದಲ್ಲಿ ಮರವೇ ಇರಲಿಲ್ಲ. “ಈಗ ವೃತ್ತದ ಒಳಗೂ ಹೊರಗೂ ತಾಳೆಯಾಯ್ತು ನೋಡಿ” ಎಂದರು ಸಾಹೇಬರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಸಂಜೆ ಮನೆಗೆ ಹೋದಾಗ ಮಾವ ಊಟಕ್ಕೆ ಕೂತಿದ್ದ. “ಎಷ್ಟು ಉಳಿದಿವೆ?” ಎಂದು ಕೇಳಿದ.

“ಒಂದೂ ಇಲ್ಲ.”

ತುತ್ತು ತಟ್ಟೆಗೇ ಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಿನ್ನ ವರದಿ ಓದ್ದೆ ಪುಟ್ಟಿ,” ಎಂದ. “ಒಂದಕ್ಷರ ತಪ್ಪಿಲ್ಲ. ನನ್ನ ಹಾಗೇ ಬರೀತೀಯ.”