ಶೇಂಗಾ ಮಷೀನಿನ ಪುಸ್ತಕಕ್ಕೆ ಬರೆಯುವವರನ್ನು ಹುಡುಕಿದ್ದು

ನಮ್ಮ ಮನೆಯವರು ಬೆಟಗೇರಿಯಲ್ಲಿ ಶೇಂಗಾ ಒಡೆಯುವ ಮಷೀನು ಮಾಡುತ್ತಾರೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಮೂವರು ಕೆಲಸಗಾರರು, ಅಷ್ಟೇ. ದೇವರು ಅಷ್ಟರಲ್ಲೇ ನಮ್ಮನ್ನು ಚೆನ್ನಾಗಿ ಇಟ್ಟಿದ್ದಾನೆ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಆ ಶೆಡ್ಡಿನ ಸಪ್ಪಳ ಕೇಳಿದರೆ ನನಗೆ ಗಂಟೆ ಬಾರಿಸಿದಷ್ಟೇ ಸಮಾಧಾನ.

ಮಷೀನಿನ ಜೊತೆ ಕೊಡುವ ಪುಸ್ತಕವನ್ನು ಮೊದಲ ಸಲ ನಾವಿಬ್ಬರೇ ಮಾಡಿದೆವು. ಅವರು ಹೇಳಿದರು, ನಾನು ಬರೆದೆ. ಹೊಸ ಮಷೀನನ್ನು ಪೂಜೆ ಮಾಡದೆ ಯಾರು ಚಾಲೂ ಮಾಡುತ್ತಾರೆ ಎಂದು ಹಠ ಹಿಡಿದು ಮೊದಲ ಎರಡು ಪುಟ ಪೂಜೆಗೇ ಕೊಟ್ಟೆ. ವಿಭೂತಿ ಎಲ್ಲಿ ಹಚ್ಚಬೇಕು, ತೆಂಗಿನಕಾಯಿ ಯಾವ ಕಡೆ ಒಡೆಯಬೇಕು ಎಲ್ಲ ಬರೆದೆ. ಜಾಗ ಸಾಲದೆ ಎಚ್ಚರಿಕೆಯ ಮಾತುಗಳು ಕೊನೆಯ ಪುಟಕ್ಕೆ ಹೋದವು.

ಹಿರೇವಡ್ಡಟ್ಟಿಯ ಹೆಣ್ಣುಮಕ್ಕಳ ಸಂಘದವರು ಒಂದು ಮಷೀನು ಒಯ್ದರು. ಪುಸ್ತಕದಲ್ಲಿದ್ದಂತೆಯೇ ಪೂಜೆ ಮಾಡಿ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಒಳಗೆ ಶೇಂಗಾಕಾಯಿ ಸಿಕ್ಕಿಕೊಂಡಿತು. ಸಿಕ್ಕ ಕಾಯಿ ತೆಗೆಯಿರಿ ಎಂದು ಮೂರನೆಯ ಪುಟದಲ್ಲಿತ್ತು. ಮೊದಲು ಮೋಟರು ಬಂದ್ ಮಾಡಿರಿ ಎಂಬುದು ಕೊನೆಯ ಪುಟದಲ್ಲಿ. ಸಂಘದ ಮುಂದಾಳು ಹೆಣ್ಣುಮಗಳು ಕೈ ಹಾಕಿದಳು. ನಡುಬೆರಳಿನ ಉಗುರು ಕಿತ್ತು ಬಂತು. ಬೆರಳು ಉಳಿಯಿತಲ್ಲ, ಆ ದೇವರ ಉಪಕಾರ ನಾನು ಸಾಯುವತನಕ ಮರೆಯುವುದಿಲ್ಲ.

ಅವಳು ಫೋನಿನಲ್ಲಿ ಬೈಯಲಿಲ್ಲ. “ಅಕ್ಕಾರ, ಪೂಜಾ ಅಗದಿ ಚಲೋ ಬರದೀರಿ. ಕೈ ಯಾವಾಗ ಹಾಕಬಾರದು ಅನ್ನೂದನ್ನ ಹಿಂದ ಹಾಕೀರಿ” ಎಂದಳು. ಸಂಘಕ್ಕೆಲ್ಲ ಹೇಳಿ ಒಪ್ಪಿಸಿ ಮಷೀನು ತರಿಸಿದವಳು ಅವಳೇ. ಈಗ ಒಬ್ಬರೂ ಅದರ ಹತ್ತಿರ ಬರುವುದಿಲ್ಲವಂತೆ. ಸುಗ್ಗಿಯೊಳಗೆ ತಿಳಿಯುವಂಥ ಪುಸ್ತಕ ಕೊಡಬೇಕು, ಇಲ್ಲದಿದ್ದರೆ ಮಷೀನು ವಾಪಸ್ ಒಯ್ಯಬೇಕು ಎಂದಳು. ಮಷೀನು ತಿರುಗಿ ಬಂದರೆ ಊರಲ್ಲಿ ಅವಳ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂಬುದು ನನಗೆ ಹೇಳದೆಯೇ ತಿಳಿಯಿತು.

ಬರೆಯಬಲ್ಲವರು ಬೇಕಾಗಿದ್ದಾರೆಂದು ನಮ್ಮ ಮನೆಯವರು ಗದಗಿನ ತುಂಬ ಖಬರ ಮುಟ್ಟಿಸಿದರು. ಇಬ್ಬರು ಮಾದರಿ ಬರೆದುಕೊಂಡು ಬಂದರು. ಒಬ್ಬರು ಕಾಲೇಜಿನಲ್ಲಿ ಕಲಿಸುವ ಎಂಜಿನಿಯರು, ಇನ್ನೊಬ್ಬರು ಲಕ್ಷ್ಮೇಶ್ವರದ ನಿವೃತ್ತ ಕನ್ನಡ ಮಾಸ್ತರರು. ನಮ್ಮವರು ಸರ್ಟಿಫಿಕೇಟು ನೋಡಿ ಒಬ್ಬರನ್ನು ಆರಿಸೋಣ ಎಂದರು. ನನಗೆ ಶ್ರಾವಣದ ಪುರಾಣ ನೆನಪಾಯಿತು. ಮಠದಲ್ಲಿ ಒಬ್ಬರು ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ಹಿರೇವಡ್ಡಟ್ಟಿಯಲ್ಲಿ ಮಷೀನಿನ ಪಕ್ಕ ಕೂತು ಅರ್ಥ ಹೇಳುವವರು ಯಾರು? ಹಾಗಾಗಿ ಸಂಘದ ಮುಂದಾಳನ್ನು ನಮ್ಮ ಶೆಡ್ಡಿಗೆ ಕರೆಸಿ ಒಂದು ಪರೀಕ್ಷೆ ಮಾಡಿದೆ. ಅವರು ಬರೆದದ್ದನ್ನು ನಾನು ಓದುವುದು, ಬೆರಳಿಗೆ ಪಟ್ಟಿ ಕಟ್ಟಿಕೊಂಡ ಆ ಹೆಣ್ಣುಮಗಳು ಓದಿದಷ್ಟನ್ನೇ ಮಾಡುವುದು, ಬರೆದವರು ಬಾಯಿ ತೆರೆಯುವಂತಿಲ್ಲ. ಮೋಟರಿನ ವಾಯರು ಕಿತ್ತಿಟ್ಟೆವು.

ಎಂಜಿನಿಯರರ ಹಾಳೆಯಲ್ಲಿ ಎಲ್ಲ ಇತ್ತು, ಒಂದೂ ತಪ್ಪಿರಲಿಲ್ಲ. ಆದರೆ “ಪೂರೈಕೆ ದ್ವಾರದ ಮೂಲಕ ಸಾಮಗ್ರಿಯನ್ನು ಏಕರೂಪವಾಗಿ ಒದಗಿಸತಕ್ಕದ್ದು” ಎಂದು ನಾನು ಓದಿದಾಗ ಅವಳು ಶೇಂಗಾ ಬುಟ್ಟಿ ಹಿಡಿದು ಮಷೀನಿಗೆ ಒಂದು ಸುತ್ತು ಹಾಕಿ, ಮೊದಲು ನಿಂತಲ್ಲೇ ಬಂದು ನಿಂತಳು. ಎಂಜಿನಿಯರು ಏಳಲು ಹೋದರು, ನಮ್ಮವರು ಹೆಗಲ ಮೇಲೆ ಕೈಯಿಟ್ಟು ಕೂಡ್ರಿಸಿದರು. ಪಾಪ, ಅವರೇ ನಗತೊಡಗಿದರು.

ಮಾಸ್ತರರ ಬರಹ ಎಳೆಯ ಮಕ್ಕಳಿಗೂ ತಿಳಿಯುವಂತಿತ್ತು. ಆದರೆ ಬೆಲ್ಟನ್ನು ಗಟ್ಟಿಯಾಗಿ ಬಿಗಿಯಿರಿ ಎಂದಿದ್ದರು. ಅವಳು ಹಲ್ಲು ಕಚ್ಚಿ ಬಿಗಿದೇ ಬಿಗಿದಳು. ಹಾಗೆ ನಡೆಸಿದ್ದರೆ ಬೆಲ್ಟು ಸಂಜೆಯೊಳಗೆ ಹರಿಯುತ್ತಿತ್ತು. ಎಷ್ಟು ಸಡಿಲ ಇರಬೇಕೆಂದು ಮಾಸ್ತರರು ಎಂಜಿನಿಯರರನ್ನು ಕೇಳಿದರು. ಅವರು ಹನ್ನೆರಡು ಮಿಲಿಮೀಟರ್ ಎಂದರು. ಮಾಸ್ತರರು ಅವಳ ಕಡೆ ತಿರುಗಿದರು.

“ತಂಗಿ, ಇದನ್ನ ನೀ ಹೆಂಗ ಅಳೀತಿ?”

ಅವಳು ಬೆಲ್ಟು ಸಡಿಲಿಸಿ, ಒತ್ತಿ ನೋಡಿ, “ಒತ್ತಿದ್ರ ಅರ್ಧ ಹೆಬ್ಬಟ್ಟು ಒಳಗ ಹೋಗಬೇಕು ಅಂತ ಬರೀರಿ, ಸಾಕು” ಎಂದಳು. ಎಂಜಿನಿಯರು ಅಳತೆಪಟ್ಟಿ ಹಿಡಿದು ಅಳೆದರು, ಹಾಗೇ ಬರೆದುಕೊಂಡರು.

ಇಬ್ಬರನ್ನೂ ಇಟ್ಟುಕೊಳ್ಳಿರಿ ಎಂದು ನಾನು ನಮ್ಮವರನ್ನು ಒಳಗೆ ಕರೆದು ಹೇಳಿದೆ. ಎಂಜಿನಿಯರು ಬರೆಯಬೇಕು, ಮಾಸ್ತರರು ತಿದ್ದಬೇಕು. ಮಾಸ್ತರರ ಕೆಂಪು ಪೆನ್ನು ಮೊದಲು ಮುಟ್ಟಿದ್ದು ನನ್ನ ಪೂಜೆಯ ಪುಟಗಳನ್ನೇ. “ಪೂಜಾ ಮಾಡೂದು ಹಿರೇವಡ್ಡಟ್ಟಿಯವ್ರಿಗೆ ನಾವು ಕಲಿಸಬೇಕೇನ್ರಿ ತಾಯಿ?” ಎಂದರು. ಒಂದು ದಿನ ಮುಖ ಊದಿಸಿಕೊಂಡಿದ್ದೆ. ಮರುದಿನ ನಾನೇ ಆ ಎರಡು ಪುಟ ಹರಿದು ಕೊಟ್ಟೆ. ಮೋಟರು ಬಂದ್ ಮಾಡುವ ಮಾತು ಅಲ್ಲಿಗೆ ಬಂತು.

ಹದಿನೈದು ದಿನಕ್ಕೆ ಹಾಳೆಗಳನ್ನು ಹಿಡಿದು ಹಿರೇವಡ್ಡಟ್ಟಿಗೆ ಹೋದೆವು. ನಮ್ಮವರು ಬಾಡಿಗೆ ಟೆಂಪೋದಲ್ಲಿ ಹಗ್ಗವನ್ನೂ ಹಾಕಿಕೊಂಡಿದ್ದರು, ಒಲ್ಲೆ ಎಂದರೆ ಮಷೀನು ಹೇರಿಕೊಂಡು ಬರಲು. ಹೆಂಗಸರು ದೂರ ಗೋಡೆಗೆ ಒರಗಿ ನಿಂತಿದ್ದರು. ಒಬ್ಬಳು ಓದಿದಳು, ಮುಂದಾಳು ಮಾಡಿದಳು. ನಡುವೆ ಕಾಯಿ ಸಿಕ್ಕಿಕೊಂಡಿತು. ನಾನು ಸೆರಗಿನೊಳಗೆ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡೆ. ಅವಳು ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತು, ಗಾಲಿ ಪೂರಾ ನಿಲ್ಲುವತನಕ ಕಾಯ್ದು, ಆಮೇಲೆ ಕೋಲಿನಿಂದ ಕಾಯಿ ಎಬ್ಬಿಸಿದಳು. ಪ್ಲಗ್ ಹಾಕಿದ ಮೇಲೆ ಮಷೀನು ಮತ್ತೆ ತಿರುಗಿತು.

ಎರಡನೆಯ ಸಲ ಸಿಕ್ಕಿಕೊಂಡಾಗ ಗೋಡೆಯ ಹತ್ತಿರದಿಂದ ಎಲ್ಲರಿಗಿಂತ ಹಿರಿಯಳೊಬ್ಬಳು ಬಂದಳು. ಈ ಪಿಶಾಚಿಯನ್ನು ಮುಟ್ಟುವುದಿಲ್ಲ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ್ದವಳು ಅವಳೇ. “ನೀ ಸರಿ, ನಿನ್ನ ಕೈ ಇನ್ನ ಮಾಯ್ದಿಲ್ಲ” ಎಂದು ಮುಂದಾಳನ್ನು ಪಕ್ಕಕ್ಕೆ ಸರಿಸಿ, ಓದುವವಳಿಗೆ ಸಾವಕಾಶ ಓದು ಎಂದು ಹೇಳಿ, ತಾನೇ ಪ್ಲಗ್ ಕಿತ್ತಳು. ಅವಳ ಹಿಂದೆ ಉಳಿದವರೂ ಬುಟ್ಟಿ ಎತ್ತಿಕೊಂಡು ಬಂದರು. ನಮ್ಮವರು ಹೊರಗೆ ಹೋಗಿ ಟೆಂಪೋದವನಿಗೆ ಹೇರುವುದು ಏನೂ ಇಲ್ಲ, ಇನ್ನು ಹೊರಡಬಹುದು ಎಂದರು.