ಉಪ್ಪು ಆಂಡ್

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ವರ್ಷ ಹಿಂದೆಮುಂದೆ ನೋಡಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸತ್ತವರು ಬಂದು ಬಾಗಿಲು ತಟ್ಟಿದರು, ನೀರು ಕೇಳಿದರು ಎಂದು ಮಕ್ಕಳು ಕತೆ ತಂದರೆ, "ಕಂಡದ್ದು ಯಾರು? ನೀನಾ, ನಿನ್ನ ಚಿಕ್ಕಪ್ಪನ ಫ್ರೆಂಡಾ?" ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದವಳು. ಈಗ ನನ್ನ ಸರದಿ. ನೀವು ನಗುವುದಾದರೆ ನಗಿ, ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು. ಅವರು ಹದಿನೆಂಟನೇ ವಯಸ್ಸಿಗೆ ಮಂಗಳೂರಿನ ಉರ್ವದ ಈ ಮನೆಗೆ ಸೊಸೆಯಾಗಿ ಬಂದವರು. ಮಾವ ದೇವಸ್ಥಾನದ ಅರ್ಚಕರಾಗಿದ್ದರು. ನನ್ನ ಗಂಡ ಎಂಟನೇ ಕ್ಲಾಸಿನಲ್ಲಿರುವಾಗ ಮಾವ ತೀರಿಹೋದರಂತೆ. ಆಮೇಲೆ ಮಗನನ್ನೂ ಮಗಳನ್ನೂ ಓದಿಸಿದ್ದು, ಮದುವೆ ಮಾಡಿಸಿದ್ದು, ಕಾಲೇಜಿಗೆಂದು ಮಂಗಳೂರಿಗೆ ಬಂದ ನೆಂಟರ ಮಕ್ಕಳಿಗೆ ವರ್ಷಗಟ್ಟಲೆ ಊಟ ಹಾಕಿದ್ದು ಎಲ್ಲ ಇವರೇ. ನನ್ನ ಬಿ.ಎಡ್. ಮುಗಿದದ್ದೂ ಇವರಿಂದ. ಮೂರು ತಿಂಗಳ ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀನು ಬಸ್ಸು ಹತ್ತು. ಇದು ನನ್ನ ಹತ್ರ ಇರ್ತದೆ" ಎಂದು ಕಳಿಸಿದವರು. ಬಾಯಿ ಸ್ವಲ್ಪ ಜೋರು. ಮನಸ್ಸು ಮಾತ್ರ ಬೆಣ್ಣೆ.

ಅವರ ಅಡುಗೆಮನೆಗೆ ಒಂದು ಕಾನೂನಿತ್ತು. ದೇವರ ನೈವೇದ್ಯಕ್ಕೆ ಮಾಡುವ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲವಲ್ಲ, ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನಾನು ಬರುವ ಮೊದಲು, ಯಾವುದೋ ಪೂಜೆಯ ದಿನ ಮೂವರು ಹೆಂಗಸರು ಒಬ್ಬರಿಗೊಬ್ಬರು ಹೇಳದೆ ಒಂದೇ ಪಾತ್ರೆಯ ಸಾರಿಗೆ ಉಪ್ಪು ಹಾಕಿ, ಬಂದವರೆಲ್ಲ ಮಜ್ಜಿಗೆಯಲ್ಲೇ ಊಟ ಮುಗಿಸಿ ಎದ್ದಿದ್ದರಂತೆ. ಆವತ್ತಿನಿಂದ ಉಪ್ಪು ಹಾಕಿದವರು ಗಟ್ಟಿಯಾಗಿ "ಉಪ್ಪು ಆಂಡ್" ಎನ್ನಬೇಕು. ಮನೆಯಲ್ಲಿ ನಮ್ಮ ಮಾತು ತುಳು; ಹಾಗೆಂದರೆ ಉಪ್ಪು ಆಯಿತು ಎಂದು. ಅದನ್ನು ಕೇಳಿದ ಮೇಲೆ ಬೇರೆಯವರು ಉಪ್ಪಿನ ಭರಣಿ ಮುಟ್ಟಬಾರದು. ಅಡುಗೆಮನೆಯಲ್ಲಿ ಒಬ್ಬರೇ ಇದ್ದರೂ ಅತ್ತೆ ಹೇಳಿಯೇ ಹೇಳುವರು. ಉಡುಪಿಯ ತಂಗಿಯೊಡನೆ ಫೋನಿನಲ್ಲಿ ಯಾರದೋ ಸಾವಿನ ಸುದ್ದಿ ಮಾತಾಡುತ್ತಾ ನಡುವೆ "ಉಪ್ಪು ಆಂಡ್" ಎಂದು ಕೂಗಿ, ಆ ಕಡೆಯವರನ್ನು ಕಕ್ಕಾಬಿಕ್ಕಿ ಮಾಡಿದ್ದುಂಟು.

ಅಂಥವರಿಗೆ ಕೊನೆಗೆ ಕಿಡ್ನಿ ತೊಂದರೆ ಕೊಟ್ಟಿತು. ಉಪ್ಪು ಪೂರ್ತಿ ಬಿಡಬೇಕು ಎಂದರು ಡಾಕ್ಟರು. ಆ ಒಂದೂವರೆ ವರ್ಷ ಪಥ್ಯದ ಜವಾಬ್ದಾರಿ ನನ್ನದು, ನಾನೋ ಮಹಾ ಬಿಗಿ. ಅವರಿಗೆ ಬೇರೆ ಪಾತ್ರೆ, ಬೇರೆ ಸೌಟು. ಕಾಟಿಪಳ್ಳದಲ್ಲಿರುವ ನಾದಿನಿ ಸುಮತಿ ಬಂದಾಗೆಲ್ಲ, "ಅತ್ತಿಗೆ, ಒಂಚೂರು ಹಾಕಿದ್ರೆ ಎಂತ ಆಗ್ತದೆ? ಅಮ್ಮನ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎನ್ನುತ್ತಿದ್ದಳು. ನಾನು ರಿಪೋರ್ಟು ತೆಗೆದು ತೋರಿಸುತ್ತಿದ್ದೆ. ಅತ್ತೆ ಮಾತ್ರ ಚಕಾರ ಎತ್ತದೆ ತಿನ್ನುತ್ತಿದ್ದರು.

ಒಮ್ಮೆ ಮಾತ್ರ ಕೇಳಿದರು. ಬೆಳಿಗ್ಗೆ ಗಂಜಿ ಕೊಟ್ಟಿದ್ದೆ. ಸುತ್ತ ನೋಡಿ, ಸ್ವರ ತಗ್ಗಿಸಿ, "ಒಂದು ಹರಳು ಹಾಕು ಮಾರಾಯ್ತಿ. ಯಾರಿಗೂ ಹೇಳುದಿಲ್ಲ" ಎಂದರು. "ಡಾಕ್ಟ್ರು ಬೈತಾರೆ ಅತ್ತೆ" ಎಂದೆ. "ಆಯ್ತು ಟೀಚರ್" ಎಂದು ನಕ್ಕು, ಆ ಸಪ್ಪೆ ಗಂಜಿಯನ್ನು ಕೊನೆಯ ಅಗುಳಿನವರೆಗೂ ಉಂಡರು. ಅದೇ ವಾರ ನಿದ್ದೆಯಲ್ಲೇ ಹೋದರು. ಅವರು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನೂ ನಾನು ಕೊಡಲಿಲ್ಲ. ಡಾಕ್ಟರು ಹೇಳಿದಂತೆ ನಡೆದುಕೊಂಡೆ, ತಪ್ಪೇನಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಆದರೂ ವರ್ಷವಿಡೀ ಗಂಜಿಗೆ ಉಪ್ಪು ಹಾಕಿಕೊಳ್ಳುವಾಗಲೆಲ್ಲ ಕೈ ತಡೆಯುತ್ತಿತ್ತು.

ವರ್ಷದ ತಿಥಿ ಬಂತು. ಅಡುಗೆಗೆ ಜನ ಕರೆಸೋಣ ಎಂದರು ನನ್ನ ಗಂಡ. ಬೇಡ, ನಾನೇ ಮಾಡುತ್ತೇನೆ ಎಂದೆ. ಅತ್ತೆಗೆ ಇಷ್ಟವಾದ ಬಾಳೆಕಾಯಿ ಹುಳಿಯನ್ನು ಹದವಾಗಿ ಉಪ್ಪು ಹಾಕಿ ಅವರ ಹೆಸರಿನಲ್ಲಿ ಬಡಿಸಬೇಕು. ಅದೊಂದು ಆದರೆ ಸಾಕು ಎಂದು ಮನಸ್ಸಿನಲ್ಲಿತ್ತು. ಬೆಳಿಗ್ಗೆ ಸುಮತಿಯೂ ಬಂದಳು. ಇಬ್ಬರೂ ತಲೆಗೆ ಸ್ನಾನ ಮಾಡಿ ಮಡಿಯಲ್ಲಿ ಒಲೆಯ ಮುಂದೆ ನಿಂತೆವು. ಅವಳದ್ದು ವಡೆ, ಪಾಯಸ; ನನ್ನದು ಹುಳಿ, ಸಾರು, ಪಲ್ಯ.

ಹನ್ನೆರಡು ಗಂಟೆಯ ಹೊತ್ತು. ಕಿಟಕಿಯಿಂದ ಒಳ್ಳೆಯ ಬಿಸಿಲು ಬರುತ್ತಿತ್ತು. ಸುಮತಿ ಬಾಳೆಎಲೆ ತೊಳೆಯಲು ಹಿತ್ತಲಿನ ನಳ್ಳಿಯ ಹತ್ತಿರ ಹೋಗಿದ್ದಳು. ಹುಳಿ ಕುದಿಯುತ್ತಿತ್ತು. ನಾನು ಭರಣಿಯ ಮುಚ್ಚಳ ತೆಗೆದು ಒಂದು ಹಿಡಿ ಕಲ್ಲುಪ್ಪು ಎತ್ತಿದೆ. ಆಗ ಬೆನ್ನ ಹಿಂದೆ ಯಾರೋ ಹೇಳಿದರು: "ಉಪ್ಪು ಆಂಡ್."

ನನಗೆ ಮೈ ಜುಮ್ಮೆನ್ನಲಿಲ್ಲ, ಭಯವೂ ಆಗಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತನ್ನಷ್ಟಕ್ಕೆ ಉಪ್ಪನ್ನು ಭರಣಿಗೆ ವಾಪಸ್ ಹಾಕಿತು. ಮುಚ್ಚಳ ಮುಚ್ಚಿದ ಮೇಲೆಯೇ ತಿರುಗಿ ನೋಡಿದ್ದು. ಅಲ್ಲಿ ಯಾರೂ ಇರಲಿಲ್ಲ. ಹಿಂಬಾಗಿಲಿಗೆ ಹೋಗಿ, "ಸುಮತಿ, ಹುಳಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿದೆ.

"ನಾನಾ? ಇಲ್ಲಪ್ಪ. ನಿಮ್ಮ ಹುಳಿಯ ಹತ್ರವೇ ಬರ್ಲಿಲ್ಲ ನಾನು" ಎಂದಳು ಅವಳು, ಎಲೆಯಿಂದ ತಲೆ ಎತ್ತದೆ.

ಅಷ್ಟರಲ್ಲಿ ನನ್ನ ಗಂಡ ಬಾಗಿಲಲ್ಲಿ ನಿಂತು, "ಭಟ್ಟರು ಕೇಳ್ತಾ ಇದ್ದಾರೆ. ಆಯ್ತಾ? ಹೊತ್ತಾಯ್ತು" ಎಂದರು. ನಾನು ಒಲೆಯ ಹತ್ತಿರ ವಾಪಸ್ ಬಂದೆ. ತಿಥಿಯ ಅಡುಗೆಯನ್ನೂ ಮೊದಲೇ ರುಚಿ ನೋಡುವಂತಿಲ್ಲ. ಉಪ್ಪು ಮೊದಲೇ ಬಿದ್ದಿದ್ದರೆ ಇನ್ನೊಂದು ಹಿಡಿ ಹಾಕಿ ಅಡುಗೆ ಕೆಡಿಸಿದ ಹಾಗೆ. ಬಿದ್ದಿಲ್ಲದಿದ್ದರೆ, ವರ್ಷದ ದಿನವೂ ಅತ್ತೆಗೆ ನನ್ನ ಕೈಯಿಂದ ಸಪ್ಪೆಯೇ. ಕಣ್ಣಲ್ಲಿ ನೀರು ಬಂತು. ನಾನು ಹಾಕಿಲ್ಲ, ಸುಮತಿ ಹಾಕಿಲ್ಲ, ಮಗಳು ಪರೀಕ್ಷೆಯೆಂದು ಹಾಸ್ಟೆಲಿನಲ್ಲೇ ಉಳಿದಿದ್ದಳು, ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಲೆಕ್ಕದ ಪ್ರಕಾರ ನಾನು ಭರಣಿಗೆ ಕೈ ಹಾಕಬೇಕಿತ್ತು. ಆದರೆ ಆ ಮಾತು ಕೇಳಿದ ಮೇಲೆ ಉಪ್ಪು ಮುಟ್ಟುವ ಧೈರ್ಯ ನನಗೆ ಬರಲಿಲ್ಲ. ಪಾತ್ರೆ ಇಳಿಸಿ ಕೊಟ್ಟುಬಿಟ್ಟೆ.

ತಿಥಿಯ ಊಟದಲ್ಲಿ ಅಡುಗೆಯನ್ನು ಹೊಗಳುವ ಹಾಗಿಲ್ಲ, ತೆಗಳುವ ಹಾಗೂ ಇಲ್ಲ. ಕೂತವರು ಸದ್ದಿಲ್ಲದೆ ಉಣ್ಣುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಅವರ ಮುಖಗಳನ್ನೇ ನೋಡುತ್ತಿದ್ದೆ, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಮಕ್ಕಳ ಹಾಗೆ. ಒಂದು ಮುಖದಲ್ಲೂ ಏನೂ ತಿಳಿಯಲಿಲ್ಲ.

ಅವರೆಲ್ಲ ಎದ್ದು, ನಮ್ಮ ಸರದಿ ಬರುವಾಗ ಮೂರು ದಾಟಿತ್ತು. ಅನ್ನಕ್ಕೆ ಹುಳಿ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪಿತ್ತು. ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ನನ್ನ ಕೈಯ ಉಪ್ಪು ಯಾವಾಗಲೂ ಒಂದು ಗುಂಜಿ ಹಿಂದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಇದು ಹಾಗಿರಲಿಲ್ಲ. ಎದುರು ಕೂತಿದ್ದ ಸುಮತಿ ಎರಡು ತುತ್ತು ಉಂಡವಳೇ ಕೈ ನಿಲ್ಲಿಸಿದಳು. "ಅಮ್ಮನ ಹುಳಿಯ ಹಾಗೇ ಉಂಟು ಅತ್ತಿಗೆ" ಎಂದು ಅತ್ತೇಬಿಟ್ಟಳು. ಆಗ ಎಲ್ಲ ಹೇಳಿದೆ.

"ನೀನೇ ಹಾಕಿ ಮರೆತದ್ದು" ಎಂದರು ನನ್ನ ಗಂಡ. ಇರಬಹುದು. ಬಾಳೆಕಾಯಿ ಬೇಯಿಸುವಾಗಲೇ ಹಾಕಿದ್ದೆನೋ ಏನೋ. ಆದರೆ ಹಾಕಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆ, ಸುಮತಿಗೆ ಕೇಳುತ್ತಿತ್ತು. ಅವಳೇ ಹಾಕಿ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದಳೋ ಎಂದು ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ. ಮಕ್ಕಳ ಮೇಲೆ ಆಣೆ ಮಾಡಿದಳು. ಕ್ಲಾಸಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಆ ಹತ್ತನ್ನೂ ನನಗೆ ನಾನೇ ಕೇಳಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ.

ಅಮ್ಮ ನಿಮ್ಮನ್ನು ಕ್ಷಮಿಸಿದ್ದಾರೆ, ಇನ್ನು ನೆಮ್ಮದಿಯಿಂದಿರಿ ಎನ್ನುತ್ತಾಳೆ ಸುಮತಿ. ನನಗೂ ಹಾಗೆಯೇ ನಂಬುವ ಆಸೆ. ಆದರೆ ಆ ಸ್ವರವನ್ನು ಕೇಳಿದವಳು ನಾನು. ಹತ್ತು ಜನರಿಗೆ ಅಡುಗೆ ಆಗಬೇಕಾದಾಗ ಅತ್ತೆಗಿರುತ್ತಿದ್ದ ಅದೇ ಗಡಿಬಿಡಿ ಅದರಲ್ಲಿತ್ತು, ಬೇರೇನೂ ತಿಳಿಯಲಿಲ್ಲ. ನನ್ನ ಮೇಲಿನ ಕರುಣೆಯಿಂದ ಬಂದರೋ, ಅಥವಾ ಉಪ್ಪಿನ ವಿಷಯದಲ್ಲಿ ಈ ಸೊಸೆಯನ್ನು ಇನ್ನು ನಂಬುವುದು ಬೇಡ ಎಂದು ತಾವೇ ಬಂದು ಹಾಕಿಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ.