ಗಂಗೋತ್ರಿಗೆ ಬಾರದ ವಾಂತಿ

ಮಡಕಶಿರದಿಂದ ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗುವ ಬಸ್ಸಿನಲ್ಲಿ ಆದಿಲಕ್ಷ್ಮಿ ಆರು ವರ್ಷದಿಂದ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವಳ ಹೊಟ್ಟೆ ಉರಿಸುತ್ತಿದ್ದದ್ದು ವಾಂತಿಯಲ್ಲ, ಪಕ್ಕದಲ್ಲೇ ಕೂರುತ್ತಿದ್ದ ವಾರಗಿತ್ತಿ ಗಂಗೋತ್ರಿ. ಇವಳು ನಿಂಬೆಹಣ್ಣು ಮೂಸುತ್ತಾ ಕಿಟಕಿಗೆ ತಲೆ ಕೊಟ್ಟಿದ್ದರೆ, ಅವಳು ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದಳು. ಸಾಲದ್ದಕ್ಕೆ, "ಒಂದು ತುತ್ತು ತಿನ್ನಕ್ಕ" ಅನ್ನುತ್ತಿದ್ದಳು.

"ನಮ್ ಕಿರಿ ಸೊಸೆ ಕಲ್ಲು ತಿಂದ್ರೂ ಅರಗಿಸ್ಕಂತಾಳೆ" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದೇ ಗಂಗೋತ್ರಿ ಸಂಜೆಗತ್ತಲಲ್ಲಿ ಬಸ್ಸಿಳಿದರೆ ಮನೆ ಮುಟ್ಟುವವರೆಗೂ ಆದಿಲಕ್ಷ್ಮಿಯ ತೋಳು ಬಿಡುತ್ತಿರಲಿಲ್ಲ. ಎಲ್ಲಾ ಒಯ್ಯಾರ ಎಂದು ಇವಳು ಹಲ್ಲು ಕಡಿಯುತ್ತಿದ್ದಳು.

ಒಂದು ಭಾನುವಾರ, ಬಸ್ಸಿನ ವಾಂತಿಯ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರಮ್ಮ ಊರಿಗೆ ಬಂದು, ಇಬ್ಬರನ್ನೂ ಮೆತ್ತನೆಯ ದಿಂಬಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಆದಿಲಕ್ಷ್ಮಿ ಕಂಬದಂತೆ ನಿಂತಳು. ಗಂಗೋತ್ರಿ ದೊಪ್ಪನೆ ಬಿದ್ದಳು. ಇಬ್ಬರ ಕಿವಿಗೂ ತಣ್ಣೀರು ಬಿಟ್ಟರು. ಆದಿಲಕ್ಷ್ಮಿಗೆ ಭೂಮಿಯೇ ಗಿರಗಿರ ತಿರುಗಿತು, ಗಂಗೋತ್ರಿಗೆ ಏನೂ ಆಗಲಿಲ್ಲ.

"ಮೈ ಅಲುಗಾಡೋದನ್ನ ತಿಳಿಸೋದು ಕಿವಿಯ ಒಳಭಾಗ. ಅದು ಹೇಳೋದಕ್ಕೂ ಕಣ್ಣು ಹೇಳೋದಕ್ಕೂ ತಾಳೆಯಾಗದಿದ್ರೆ ವಾಂತಿ ಬರುತ್ತೆ" ಎಂದರು ಡಾಕ್ಟರಮ್ಮ. "ಗಂಗೋತ್ರಿ, ನಿಮ್ಮ ಕಿವಿಯ ಆ ಭಾಗ ಕೆಲಸ ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಅದಕ್ಕೇ ವಾಂತಿ ಬರಲ್ಲ, ಕತ್ತಲಲ್ಲಿ ಕಾಲೂ ನಿಲ್ಲಲ್ಲ. ನಿಮ್ಮ ಅಕ್ಕನದು ಚೆನ್ನಾಗಿದೆ."

ಮರುದಿನ ಮೊದಲ ತಿರುವಿನಲ್ಲೇ ಆದಿಲಕ್ಷ್ಮಿ ಕಿಟಕಿಯಾಚೆ ಬಗ್ಗಿ ವಾಂತಿ ಮಾಡಿದಳು. ಸೆರಗಿನಿಂದ ಬಾಯೊರೆಸಿಕೊಂಡು ತಿರುಗಿದರೆ, ಗಂಗೋತ್ರಿ ಡಬ್ಬಿಯನ್ನೇ ತೆರೆದಿರಲಿಲ್ಲ; ಇವಳನ್ನೇ ನೋಡುತ್ತಿದ್ದಳು. ಆ ನೋಟವನ್ನು ಆದಿಲಕ್ಷ್ಮಿ ತಕ್ಷಣ ಗುರುತಿಸಿದಳು. ಆರು ವರ್ಷ ಅದು ತನ್ನದೇ ಆಗಿತ್ತು.